ಕೊಂಡಿ ನೋಡಿ ಕೊಂಡ ಇಳಕಲ್ಲ ಸೀರೆ: ಒಂದು ವರ್ಷ ಉಟ್ಟ ಮೇಲಿನ ಅಭಿಪ್ರಾಯ

ಕಳೆದ ವರ್ಷ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವಳು ಅಲ್ಲಿಂದ ಇಳಕಲ್ಲಿಗೂ ಹೋಗಿ, ಒಬ್ಬ ನೇಕಾರರ ಮನೆಯಲ್ಲೇ ಕುಳಿತು ಒಂದು ಕೈಮಗ್ಗದ ಸೀರೆಯನ್ನು ಆರಿಸಿ 4,200 ರೂಪಾಯಿಗೆ ಕೊಂಡುಕೊಂಡೆ. ಅಂದಿನಿಂದ ಈವರೆಗೆ ಅದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಉಟ್ಟಿದ್ದೇನೆ, ಆರು ಸಲ ಮನೆಯಲ್ಲೇ ಒಗೆದಿದ್ದೇನೆ, ಒಂದು ಮದುವೆ, ಎರಡು ಕುಬಸ (ಸೀಮಂತ) ಮತ್ತು ಅನೇಕ ಕಚೇರಿಯ ದಿನಗಳನ್ನು ಅದರಲ್ಲಿ ಕಳೆದಿದ್ದೇನೆ. ಕೊಂಡ ದಿನವೇ ಬರೆದಿದ್ದರೆ ಬಣ್ಣದ ಹೊಗಳಿಕೆಯನ್ನಷ್ಟೇ ಬರೆಯಲು ಆಗುತ್ತಿತ್ತು. ಬಟ್ಟೆಯ ಗುಣ ನೀರು ಬಿಸಿಲುಗಳನ್ನು ಕಂಡ ಮೇಲೆ ತಿಳಿಯುವುದರಿಂದ ಇಷ್ಟು ದಿನ ಕಾದೆ.

ಸೀರೆಯ ಒಡಲು ನವಿಲುಹಸಿರು ಬಣ್ಣದ ಹತ್ತಿಯದು. ಸಣ್ಣ ಚೌಕಳಿಯ ನೇಯ್ಗೆ, ನಾಲ್ಕು ಬೆರಳಗಲದ ಗೋಮಿ ದಡಿ (ಅಂಚು). ದಡಿಯಲ್ಲಿರುವುದು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಸೆರಗಿನಲ್ಲಿರುವುದು ಶುದ್ಧ ರೇಷ್ಮೆ. ಇಳಕಲ್ಲಿನಲ್ಲಿ ಎಲ್ಲವೂ ರೇಷ್ಮೆಯಾದ ಸೀರೆಗಳೂ, ಹತ್ತಿಯೊಂದಿಗೆ ಆರ್ಟ್ ಸಿಲ್ಕ್ ಮಾತ್ರ ಬೆರೆತ ಅಗ್ಗದ ಸೀರೆಗಳೂ ಸಿಗುತ್ತವೆ, ನಾನು ಕೊಂಡದ್ದು ಇವೆರಡರ ನಡುವಿನದು. ದಡಿಯಲ್ಲಿ ಗೋಮಿಯಲ್ಲದೆ ಗಾಡಿದಡಿ, ಪರಾಸಪೇಟ, ಚಿಕ್ಕಿಪರಾಸ ಎಂದು ಬೇರೆ ಬೇರೆ ಬಗೆಗಳುಂಟು. ಆದರೆ ಈ ಸೀರೆಯನ್ನು ದೂರದಿಂದಲೇ ಇಳಕಲ್ಲಿನದೆಂದು ಗುರುತಿಸಲು ನೆರವಾಗುವುದು ಅದರ ಟೋಪತೆನಿ ಸೆರಗು. ಕೆಂಪು ರೇಷ್ಮೆಯ ನಡುವೆ ಬಿಳಿಯ ಪಟ್ಟಿಗಳು, ಆ ಪಟ್ಟಿಗಳ ಅಂಚಿನಲ್ಲಿ ಕೋಟೆಯ ಗೋಡೆಯ ತೆನೆಗಳಂತೆ, ಹಣಿಗೆಯ ಹಲ್ಲುಗಳಂತೆ, ಜೋಳದ ತೆನೆಯಂತೆ ಕಾಣುವ ಚೂಪಾದ ಆಕಾರಗಳು. ಒಡಲಿನ ಬಣ್ಣ ಯಾವುದೇ ಇರಲಿ, ಸೆರಗಿನ ಈ ಕೆಂಪು ಮತ್ತು ಬಿಳಿ ಮಾತ್ರ ಸಾಮಾನ್ಯವಾಗಿ ಬದಲಾಗುವುದಿಲ್ಲ.

ಸೆರಗಿನ ಕೆಂಪು ಅಷ್ಟು ಶುದ್ಧವಾಗಿ ಉಳಿಯುವುದಕ್ಕೆ ಕಾರಣ ಕೊಂಡಿ. ಬೇರೆ ಕಡೆಯ ಬಹುತೇಕ ಸೀರೆಗಳಲ್ಲಿ ಒಂದೇ ಹಾಸು (ಉದ್ದದ ಎಳೆಗಳು) ಮೊದಲಿನಿಂದ ಕೊನೆಯವರೆಗೆ ಸಾಗುತ್ತದೆ, ಸೆರಗು ಬರುವ ಜಾಗದಲ್ಲಿ ಹೊಕ್ಕಿನ (ಅಡ್ಡ ಎಳೆಗಳ) ಬಣ್ಣವನ್ನಷ್ಟೇ ಬದಲಿಸುತ್ತಾರೆ. ಹಾಗಾಗಿ ಹಸಿರು ಒಡಲಿನ ಸೀರೆಯ ಸೆರಗಿಗೆ ಕೆಂಪು ಹೊಕ್ಕು ಕೊಟ್ಟರೂ ಹಸಿರು ಹಾಸಿನ ಎಳೆಗಳು ಅದರೊಳಗೆ ಹಾಯ್ದು ಕೆಂಪನ್ನು ಮಂಕು ಮಾಡುತ್ತವೆ. ಇಳಕಲ್ಲಿನ ನೇಕಾರರು ಒಡಲಿಗೆ ಹತ್ತಿಯ ಹಾಸನ್ನೂ ಸೆರಗಿಗೆ ರೇಷ್ಮೆಯ ಹಾಸನ್ನೂ ಬೇರೆ ಬೇರೆಯಾಗಿಯೇ ಸಿದ್ಧಪಡಿಸಿ, ಒಡಲು ಮುಗಿದು ಸೆರಗು ಆರಂಭವಾಗುವ ಗೆರೆಯಲ್ಲಿ ಒಂದೊಂದು ಎಳೆಯ ಕುಣಿಕೆಯನ್ನೂ ಎದುರಿನ ಎಳೆಯ ಕುಣಿಕೆಗೆ ಸಿಕ್ಕಿಸಿ ಜೋಡಿಸುತ್ತಾರೆ. ಈ ಜೋಡಣೆಯೇ ಕೊಂಡಿ. ಸೀರೆಯ ಅಗಲದುದ್ದಕ್ಕೂ ಇರುವ ಎಳೆಗಳು ಸಾವಿರಗಟ್ಟಲೆ. ಅವುಗಳಲ್ಲಿ ಒಂದೂ ತಪ್ಪದಂತೆ ಈ ಜೋಡಣೆಯನ್ನು ಕೈಯಿಂದಲೇ ಮಾಡಬೇಕು, ಅದೂ ಪ್ರತಿ ಸೀರೆಗೆ ಹೊಸದಾಗಿ. ನನ್ನ ಸೀರೆಯ ಒಳಬದಿಯನ್ನು ಹೊರಳಿಸಿ ಬೆಳಕಿಗೆ ಹಿಡಿದರೆ ಆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬೆರಳನ್ನು ಅದರ ಮೇಲೆ ಎಳೆದರೆ ಗಸಗಸೆ ಕಾಳಿನ ಸಾಲಿನ ಮೇಲೆ ಎಳೆದ ಹಾಗೆ ತಾಕುತ್ತದೆ. ಅದರ ಒಂದು ಬದಿಗೆ ಹಸಿರು ನಿಂತುಹೋಗುತ್ತದೆ, ಇನ್ನೊಂದು ಬದಿಗೆ ಕೆಂಪು ಆರಂಭವಾಗುತ್ತದೆ. ನಡುವೆ ಬಣ್ಣದ ಬೆರಕೆ ಇಲ್ಲ.

ನಾನು ಇದನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಒಂದು ಹಿಂದಿನ ಕಹಿ ಅನುಭವವೂ ಕಾರಣ. ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಅಪ್ಪಟ ಇಳಕಲ್ಲ ಕೈಮಗ್ಗ’ ಎಂಬ ಮಾತನ್ನು ನಂಬಿ 2,900 ರೂಪಾಯಿಗೆ ಒಂದು ಸೀರೆಯನ್ನು ತಂದಿದ್ದೆ. ಊರಿಗೆ ಹೋದಾಗ ಅವ್ವನ ಕೈಗೆ ಕೊಟ್ಟೆ. ಅವಳು ಬಣ್ಣವನ್ನಾಗಲಿ ದಡಿಯನ್ನಾಗಲಿ ನೋಡಲಿಲ್ಲ. ನೇರವಾಗಿ ಸೆರಗು ಕೂಡುವ ಜಾಗವನ್ನು ಹುಡುಕಿ ಹೆಬ್ಬೆರಳಿನಿಂದ ತೀಡಿ, ‘ಇದಕ ಕೊಂಡೀನ ಇಲ್ಲಲ್ಲ’ ಎಂದು ಸೀರೆಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಅದು ಪವರ್‌ಲೂಮಿನಲ್ಲಿ ನೇಯ್ದ, ಪಾಲಿಯೆಸ್ಟರ್ ಬೆರೆತ ಸೀರೆಯಾಗಿತ್ತು. ಅಂಗಡಿಗೆ ಹಿಂದಿರುಗಿಸಲು ಹೋದಾಗ ಬಿಲ್ಲಿನಲ್ಲಿ ‘ಸೀರೆ’ ಎಂದಷ್ಟೇ ಬರೆದಿದ್ದರಿಂದ ನನ್ನ ಮಾತಿಗೆ ಬೆಲೆ ಬರಲಿಲ್ಲ. ಕೈಮಗ್ಗವೆಂದು ಹೇಳಿ ಮಾರುವವರು ಬಿಲ್ಲಿನಲ್ಲಿಯೂ ಹಾಗೆಂದೇ ಬರೆದುಕೊಡಬೇಕೆಂದು ಕೇಳುವ ಅಭ್ಯಾಸವನ್ನು ನಾನು ಅಂದಿನಿಂದ ರೂಢಿಸಿಕೊಂಡಿದ್ದೇನೆ.

ಅವ್ವನ ಹೆಬ್ಬೆರಳಿಗೆ ಗೊತ್ತಿದ್ದದ್ದು ನನಗೆ ಏಕೆ ಗೊತ್ತಿರಲಿಲ್ಲ ಎಂಬ ಪ್ರಶ್ನೆಯಲ್ಲಿ ಇಳಕಲ್ಲಿನ ಅರ್ಥವ್ಯವಸ್ಥೆಯ ಅರ್ಧ ಕಥೆ ಇದೆ ಎಂದು ನನಗೆ ಅನ್ನಿಸುತ್ತದೆ. ಅವ್ವನ ಕಾಲದಲ್ಲಿ ಇಳಕಲ್ಲ ಸೀರೆ ಹಬ್ಬಕ್ಕೆಂದು ಪೆಟ್ಟಿಗೆಯಿಂದ ತೆಗೆಯುವ ಉಡುಪಾಗಿರಲಿಲ್ಲ. ವಿಜಾಪುರ, ಬಾಗಲಕೋಟೆ, ರಾಯಚೂರು, ಧಾರವಾಡದ ಕಡೆ ಹೊಲಕ್ಕೆ ಹೋಗುವ ಹೆಂಗಸರು ಅದನ್ನೇ ಉಡುತ್ತಿದ್ದರು. ಎಂಟು ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಕಳೆ ಕೀಳುತ್ತಿದ್ದರು, ಜೋಳ ಕೊಯ್ಯುತ್ತಿದ್ದರು. ಹರಿದರೆ ಕೌದಿಗೆ ಹಾಕುತ್ತಿದ್ದರು. ಮಗಳಿಗೆ ಉಡಿ ತುಂಬುವಾಗ, ದೇವಿಗೆ ಉಡಿ ತುಂಬುವಾಗ ಇಳಕಲ್ಲ ಸೀರೆಯೂ ಗುಳೇದಗುಡ್ಡದ ಖಣವೆಂಬ ರವಿಕೆ ಬಟ್ಟೆಯೂ ಜೊತೆಯಾಗಿಯೇ ಬೇಕಾಗುತ್ತಿದ್ದವು. ಕೊಳ್ಳುವವಳು ಹತ್ತಿರದವಳು, ವರ್ಷಕ್ಕೆ ಎರಡು ಮೂರು ಸೀರೆ ಕೊಳ್ಳುವವಳು, ಮಗ್ಗವನ್ನು ಕಣ್ಣಾರೆ ಕಂಡವಳು. ಅವಳಿಗೆ ಸುಳ್ಳು ಹೇಳಿ ಮಾರುವುದು ಸಾಧ್ಯವಿರಲಿಲ್ಲ.

ಆ ಕೊಳ್ಳುಗರನ್ನು ಇಳಕಲ್ಲಿನಿಂದ ಕಸಿದುಕೊಂಡದ್ದು ಪಾಲಿಯೆಸ್ಟರ್. ಹೊಲದಲ್ಲಿ ದುಡಿಯುವ ಹೆಂಗಸಿಗೆ ಅದು ಅಗ್ಗ, ಹಗುರ, ಬೇಗ ಒಣಗುವ ಬಟ್ಟೆ. ಅದಕ್ಕೆ ಗಂಜಿ ಇಸ್ತ್ರಿಗಳ ಗೊಡವೆಯಿಲ್ಲ. ಅವಳು ಅದನ್ನು ಆರಿಸಿಕೊಂಡದ್ದನ್ನು ನಾನು ಎಂದಿಗೂ ತಪ್ಪೆನ್ನಲಾರೆ. ಆದರೆ ಅವಳು ಹೋದ ಮೇಲೆ ಇಳಕಲ್ಲಿನ ಸೀರೆಗೆ ಉಳಿದ ಗಿರಾಕಿ ನನ್ನಂಥವಳು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ವರ್ಷಕ್ಕೊಂದು ಸೀರೆಯನ್ನು ಪ್ರೀತಿಯಿಂದ, ಹೆಚ್ಚು ಬೆಲೆ ಕೊಟ್ಟು ಕೊಳ್ಳುವವಳು. ಬೆಲೆ ಕೊಡಲು ಸಿದ್ಧಳಾದರೂ ನೋಡಿ ತಿಳಿಯಲು ಬಾರದವಳು. ನೇಕಾರನಿಗೂ ಗಿರಾಕಿಗೂ ನಡುವೆ ಇದ್ದ ಇಪ್ಪತ್ತು ಮೈಲಿ ಐನೂರು ಕಿಲೋಮೀಟರಾದಾಗ ಕೊಂಡಿಯ ತಿಳಿವಳಿಕೆ ದಾರಿಯಲ್ಲೇ ಉಳಿಯಿತು, ಆ ಜಾಗದಲ್ಲಿ ನಕಲು ಬಂದು ಕುಳಿತಿತು. ಖಣದ ಪಾಡು ಇನ್ನೂ ಕಠಿಣವಾಯಿತು. ಅದರ ದೊಡ್ಡ ಮಾರುಕಟ್ಟೆ ಮಹಾರಾಷ್ಟ್ರದಲ್ಲಿತ್ತು. ಸೀರೆಯ ಜೊತೆಗೇ ರವಿಕೆ ಬಟ್ಟೆ ಬರತೊಡಗಿದ ಮೇಲೆ ಬೇರೆಯಾಗಿ ಖಣ ಕೊಳ್ಳುವವರು ವಿರಳರಾದರು. ಈಗ ಚೀಲ, ಕುರ್ತಾ, ಮಕ್ಕಳ ಅಂಗಿಗಳ ರೂಪದಲ್ಲಿ ಅದು ಮತ್ತೆ ಅಲ್ಲಲ್ಲಿ ಕಾಣುತ್ತಿದೆ.

ಯಂತ್ರವೇ ಎಲ್ಲಕ್ಕೂ ಶತ್ರು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ನನ್ನ ಸೀರೆಯ ಹತ್ತಿ ನೂಲು ಗಿರಣಿಯದು, ಬಣ್ಣ ರಾಸಾಯನಿಕದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಘಟಪ್ರಭೆಯ ನೀರಿನ ಬಲದಿಂದ ಗೋಕಾಕದ ಮಿಲ್ಲು ನೂಲು ತೆಗೆಯತೊಡಗಿತ್ತು. ಇಂಥ ಗಿರಣಿಗಳಿಂದ ಮನೆಮನೆಯ ರಾಟಿಗಳು ಮೂಲೆ ಸೇರಿದವು ನಿಜ, ಆದರೆ ಅದೇ ನೂಲನ್ನು ಕೊಂಡು ಮಗ್ಗಗಳು ಮತ್ತೆ ಒಂದು ಶತಮಾನಕ್ಕೂ ಮೀರಿ ನಡೆದವು. ಇದೇ ಬಾಗಲಕೋಟೆ ಜಿಲ್ಲೆಯ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳಲ್ಲಿ ಪವರ್‌ಲೂಮುಗಳೇ ಸಾವಿರಾರು ಮನೆಗಳ ಒಲೆ ಉರಿಸುತ್ತಿವೆ. ಆ ನೇಕಾರರೂ ವಿದ್ಯುತ್ ದರ, ನೂಲಿನ ಬೆಲೆ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಎಲ್ಲವನ್ನೂ ಹೊತ್ತು ಬಂದವರು. ಪವರ್‌ಲೂಮಿನ ಸೀರೆಯನ್ನು ಪವರ್‌ಲೂಮಿನದೆಂದೇ ಹೇಳಿ ಎಂಟುನೂರು ರೂಪಾಯಿಗೆ ಮಾರಿದರೆ ಯಾರಿಗೂ ಮೋಸವಿಲ್ಲ. ಅದನ್ನೇ ಕೈಮಗ್ಗವೆಂದು ಹೇಳಿ ಮೂರು ಸಾವಿರಕ್ಕೆ ಮಾರಿದಾಗ ಇಳಕಲ್ಲಿನ ನೇಕಾರನ ಕೂಲಿಯೂ ಹೋಗುತ್ತದೆ, ಬನಹಟ್ಟಿಯ ನೇಕಾರನಿಗೂ ಅದರಿಂದ ಹೆಚ್ಚೇನೂ ಸಿಗುವುದಿಲ್ಲ. ನಡುವಿನ ಹಣ ಮಾರುವವನಲ್ಲೇ ಉಳಿಯುತ್ತದೆ.

ಪವರ್‌ಲೂಮಿಗೆ ಕೊಂಡಿ ಒಲಿಯದಿರುವುದಕ್ಕೆ ಕಾರಣ ಸರಳವಾಗಿದೆ. ಯಂತ್ರದ ಲಾಭವೆಲ್ಲ ಉದ್ದನೆಯ ಹಾಸಿನಲ್ಲಿದೆ. ಒಮ್ಮೆ ಹಾಸು ಏರಿಸಿದರೆ ನಿಲ್ಲಿಸದೆ ಸೀರೆಯ ಮೇಲೆ ಸೀರೆ ನೇಯುತ್ತಾ ಹೋಗಬೇಕು. ಪ್ರತಿ ಸೀರೆಗೂ ಯಂತ್ರವನ್ನು ನಿಲ್ಲಿಸಿ, ಎಳೆ ಕತ್ತರಿಸಿ, ಸೆರಗಿನ ಹಾಸನ್ನು ಕೈಯಿಂದ ಜೋಡಿಸುತ್ತಾ ಕುಳಿತರೆ ಯಂತ್ರ ಉಳಿಸಿದ ಹೊತ್ತೆಲ್ಲ ಅಲ್ಲೇ ಕರಗುತ್ತದೆ. ಹೀಗಾಗಿ ಕಾನೂನಿಗಿಂತ ಮೊದಲು ಇಳಕಲ್ಲಿನ ಕೈಮಗ್ಗವನ್ನು ಕಾಯ್ದದ್ದು ಈ ಕುಣಿಕೆಗಳ ಸಾಲು. ಕಾನೂನುಗಳು ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ 1985ರ ಕಾಯ್ದೆ ಇದೆ, ಆದರೆ ಮೊದಲು 22 ಇದ್ದ ಮೀಸಲು ಬಗೆಗಳು ನಂತರ 11ಕ್ಕೆ ಇಳಿದವು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಚೀಟಿಯೂ ಇದೆ. ಇವುಗಳಿಂದ ಸ್ವಲ್ಪ ನೆರವಾಗಿದೆ. ಆದರೂ ಅಂಗಡಿಯ ಕಪಾಟಿನ ಮುಂದೆ ನಿಂತಾಗ ನನಗೆ ಚೀಟಿಗಿಂತ ಹೆಬ್ಬೆರಳಿನ ಮೇಲೆಯೇ ಹೆಚ್ಚು ನಂಬಿಕೆ.

ನಾನು ಸೀರೆ ಕೊಂಡ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದರಲ್ಲಿ ಮನೆಯ ಯಜಮಾನರು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯುತ್ತಿದ್ದರು. ಇನ್ನೊಂದು ಬಟ್ಟೆ ಹೊದಿಸಿಕೊಂಡು ಸುಮ್ಮನಿತ್ತು. ಆ ಮಗ್ಗದಲ್ಲಿ ಕೂರಬೇಕಾದ ಮಗ ಗ್ರಾನೈಟ್ ಕೆಲಸಕ್ಕೆ ಹೋಗುತ್ತಾನೆಂದು ಅವರು ಹೇಳಿದರು. ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಗಳಿಗೆ ಹೋಗುವ ಕಲ್ಲು. ಕಲ್ಲಿನ ಕೆಲಸದಲ್ಲಿ ಧೂಳೂ ಅಪಾಯವೂ ಇದ್ದರೂ ಕೂಲಿ ದಿನಕ್ಕೆ ದಿನ ಕೈಗೆ ಬರುತ್ತದೆ. ಸೀರೆಯ ಕೂಲಿ ಸೀರೆ ಮುಗಿದ ಮೇಲೆ ಬರುತ್ತದೆ. ಅಲ್ಲಿ ಬಹುಪಾಲು ನೇಕಾರರು ಸಾಹುಕಾರರಿಂದ ನೂಲು ತಂದು ನೇಯ್ದು ಕೊಟ್ಟು ಕೂಲಿ ಪಡೆಯುವವರು. ಈ ಮನೆಯವರು ಮಾತ್ರ ಕೆಲವು ಸೀರೆಗಳನ್ನು ಸ್ವಂತ ನೂಲು ಹಾಕಿ ನೇಯ್ದು ತಾವೇ ಮಾರುತ್ತಾರೆ.

ಬಾಗಿಲ ಬೆಳಕು ಬೀಳುವ ಜಾಗದಲ್ಲಿ ಮನೆಯ ಹಿರಿಯ ಹೆಂಗಸು ಕೊಂಡಿ ಹಾಕುತ್ತಾ ಕುಳಿತಿದ್ದರು. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಿನಲ್ಲಿ ಬೂದಿ. ಎಳೆ ಜಾರದಿರಲೆಂದು ಆಗಾಗ ಬೆರಳ ತುದಿಯನ್ನು ಅದಕ್ಕೆ ತಾಗಿಸಿಕೊಳ್ಳುತ್ತಿದ್ದರು. ಎಡಗೈಯ ಬೆರಳಲ್ಲಿ ಹತ್ತಿಯ ಕುಣಿಕೆ, ಬಲಗೈಯ ಬೆರಳಲ್ಲಿ ರೇಷ್ಮೆಯ ಎಳೆ. ಒಂದರೊಳಗೊಂದು ಹೋಗಿ, ತಿರುವಿ, ಬಿಗಿಯುವುದನ್ನು ನಾನು ಎಷ್ಟು ಗಮನವಿಟ್ಟು ನೋಡಿದರೂ ಬೆರಳುಗಳ ಚಲನೆಯನ್ನು ಬಿಡಿಸಿ ಹೇಳಲಾರೆ. ನಾನು ಚಹಾ ಕುಡಿದು ಮುಗಿಸಿ, ಏಳೆಂಟು ಸೀರೆಗಳನ್ನು ಬಿಚ್ಚಿಸಿ ನೋಡಿ, ಒಂದನ್ನು ಆರಿಸುವ ಹೊತ್ತಿಗೆ ಅವರು ದಡಿಯಿಂದ ಆರಂಭಿಸಿ ಒಂದು ಗೇಣಿನಷ್ಟು ದಾಟಿದ್ದರು. ಈ ಕೆಲಸಕ್ಕೆ ಬೇರೆ ಕೂಲಿ ಉಂಟೇ ಎಂದು ಕೇಳಿದೆ. ‘ಮನಿ ಕೆಲಸರೀ ಇದು’ ಎಂದರು. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷಕ್ಕೂ ಮೀರಿದ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 72ರಷ್ಟು ಹೆಂಗಸರು. ಆ ಅಂಕಿಯನ್ನು ಓದಿದಾಗಲೆಲ್ಲ ನನಗೆ ಆ ಬೂದಿಯ ಬಟ್ಟಲು ನೆನಪಾಗುತ್ತದೆ. ಯಂತ್ರಕ್ಕೆ ಬಾರದ ಕೆಲಸ ಸೀರೆಯ ಬೆಲೆಯಲ್ಲಿ ಬೇರೆಯಾಗಿ ಲೆಕ್ಕಕ್ಕೇ ಬಾರದಿರುವುದು ನನಗೆ ಸರಿಯೆನಿಸುವುದಿಲ್ಲ, ಮತ್ತು ಸೀರೆಯ ಬೆಲೆ ಕೊಡುವಾಗ ಚೌಕಾಸಿ ಮಾಡಲು ಅಂದು ನನಗೆ ಮನಸ್ಸು ಬರಲಿಲ್ಲ.

ಇನ್ನು ಉಟ್ಟ ಅನುಭವ. ಹೊಸದರಲ್ಲಿ ಸೀರೆ ಗಂಜಿಯಿಂದ ಬಿರುಸಾಗಿತ್ತು, ನೆರಿಗೆಗಳು ಮಾತು ಕೇಳುತ್ತಿರಲಿಲ್ಲ. ಎರಡನೆಯ ಒಗೆತದ ನಂತರ ಒಡಲು ಮೆತ್ತಗಾಯಿತು, ಈಗ ಮೈಗೆ ಹೊಂದಿಕೊಂಡು ನಿಲ್ಲುತ್ತದೆ. ಬೇಸಿಗೆಯಲ್ಲಿ ಬೆವರು ಹೀರುವ ಗುಣದಲ್ಲಿ ನನ್ನ ಬಳಿ ಇರುವ ಬೇರೆ ಯಾವ ಸೀರೆಯೂ ಇದಕ್ಕೆ ಸಮನಲ್ಲ. ಸೆರಗಿನ ರೇಷ್ಮೆಗೆ ಹತ್ತಿಯ ಒಡಲಿಗಿಂತ ತೂಕ ಹೆಚ್ಚಿರುವುದರಿಂದ ಅದು ಭುಜದಿಂದ ನೇರವಾಗಿ ಇಳಿಯುತ್ತದೆ, ಮತ್ತೆ ಮತ್ತೆ ಸರಿಪಡಿಸಬೇಕಾಗುವುದಿಲ್ಲ. ನವಿಲುಹಸಿರು ಮೊದಲ ಸಲ ಸ್ವಲ್ಪ ಬಣ್ಣ ಬಿಟ್ಟಿತು, ಆಮೇಲೆ ನಿಂತಿತು. ಕೆಂಪು ಮಾತ್ರ ಮೂರನೆಯ ಒಗೆತದವರೆಗೂ ನೀರಿಗೆ ಇಳಿಯಿತು. ಸೆರಗನ್ನು ಬೇರೆಯಾಗಿ, ಉಪ್ಪು ಹಾಕಿದ ತಣ್ಣೀರಿನಲ್ಲಿ ಅದ್ದಿ ತೆಗೆಯಿರಿ ಎಂದು ನೇಕಾರರು ಹೇಳಿದ್ದನ್ನು ಪಾಲಿಸಿದ್ದರಿಂದ ಬಿಳಿ ತೆನೆಗಳಿಗೆ ಕಲೆ ಹತ್ತಲಿಲ್ಲ. ಆ ಮಾತನ್ನು ಮರೆತು ಎಲ್ಲವನ್ನೂ ಒಟ್ಟಿಗೆ ನೆನೆಸಿಡುವವರಿಗೆ ಈ ಸೀರೆ ಉಳಿಯುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಕೊಂಡಿಯ ಗೆರೆ ಒಳಬದಿಯಲ್ಲಿ ಸ್ವಲ್ಪ ಒರಟಾಗಿರುತ್ತದೆ. ಕಲ್ಲಿನ ಬಳೆ ತೊಟ್ಟಿದ್ದ ದಿನ ಎರಡು ಕುಣಿಕೆಗಳು ಸಿಕ್ಕಿಕೊಂಡು ಮೇಲೆದ್ದವು. ಅವನ್ನು ಕತ್ತರಿಸದೆ ಸೂಜಿಯ ಹಿಂಬದಿಯಿಂದ ಒಳಗೆ ತಳ್ಳಿ ಸರಿಮಾಡಿದೆ. ಆರ್ಟ್ ಸಿಲ್ಕಿನ ದಡಿ ಒಡಲಿಗಿಂತ ಭಿನ್ನವಾಗಿ ಸೆಳೆಯುತ್ತದೆ, ಇಸ್ತ್ರಿ ಮಾಡದೆ ಉಟ್ಟರೆ ಅಂಚು ಅಲೆಯಲೆಯಾಗಿ ಕಾಣುತ್ತದೆ. ಸೀರೆಯ ಜೊತೆಗೆ ರವಿಕೆ ಬಟ್ಟೆ ಬರುವುದಿಲ್ಲ. ನಾನು ಗುಳೇದಗುಡ್ಡದ ಖಣವನ್ನೇ ಹುಡುಕಿ ತಂದು ಹೊಲಿಸಿಕೊಂಡೆ, ಅದು ಅತ್ಯಂತ ಒಪ್ಪುವ ಜೋಡಿ, ಆದರೆ ಎಲ್ಲರಿಗೂ ಅಷ್ಟು ವ್ಯವಧಾನ ಇರಲಾರದು. ಎತ್ತರದವರು ಕೊಳ್ಳುವ ಮೊದಲು ಉದ್ದವನ್ನು ಅಳೆಸಿ ನೋಡುವುದು ಒಳ್ಳೆಯದು. ನನ್ನ ಸೀರೆ ಮೊದಲ ಒಗೆತದಲ್ಲಿ ನಾಲ್ಕು ಬೆರಳಿನಷ್ಟು ಕುಗ್ಗಿತು.

ಬೆಲೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಹಾಸು ಸಿದ್ಧಪಡಿಸುವುದರಿಂದ ಹಿಡಿದು ಸೀರೆ ಮಗ್ಗದಿಂದ ಇಳಿಯುವವರೆಗೆ ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ, ಅದರಲ್ಲಿ ಮನೆಯ ಇಬ್ಬರು ಮೂವರ ದುಡಿಮೆ ಸೇರಿರುತ್ತದೆ. ನೂಲಿನ ಮತ್ತು ರೇಷ್ಮೆಯ ಬೆಲೆ ಕಳೆದು ಉಳಿದ ಹಣವನ್ನು ಆ ದಿನಗಳಿಗೂ ಆ ಕೈಗಳಿಗೂ ಹಂಚಿ ನೋಡಿದರೆ 4,200 ರೂಪಾಯಿ ಹೆಚ್ಚಲ್ಲ, ಕಡಿಮೆಯೇ. ಶುದ್ಧ ರೇಷ್ಮೆಯ ಸೆರಗಿರುವ ಕೈಮಗ್ಗದ ಸೀರೆಯನ್ನು ಯಾರಾದರೂ ಸಾವಿರ ರೂಪಾಯಿಗೆ ಕೊಡುತ್ತೇನೆಂದರೆ ಆ ಲೆಕ್ಕ ಎಲ್ಲಿಯೂ ಕೂಡುವುದಿಲ್ಲ ಎಂಬುದನ್ನು ಕೊಳ್ಳುವವರು ನೆನಪಿಡಬೇಕು.

ಇಳಕಲ್ಲಿಗೆ ಹೋಗುವುದು ಕಷ್ಟವೇನಲ್ಲ. ಸೊಲ್ಲಾಪುರ, ವಿಜಾಪುರದಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲೇ ಊರಿದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಲು ಬರುವವರು ಅರ್ಧ ದಿನ ಹೆಚ್ಚು ಇಟ್ಟುಕೊಂಡರೆ ಸಾಕು. ಹೋಗಲಾಗದವರಿಗೆ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ನೇಕಾರರ ಮನೆಯ ಸೇವೆಯಲ್ಲಿ ಒಂದು ಅನನುಕೂಲವೆಂದರೆ ಬಯಸಿದ ಬಣ್ಣ ಬಯಸಿದ ದಿನಕ್ಕೆ ಸಿಗುವುದಿಲ್ಲ. ಹೇಳಿ ನೇಯಿಸಿಕೊಳ್ಳಬೇಕು, ತಿಂಗಳು ಎಂದರೆ ಎರಡು ತಿಂಗಳಾಗಬಹುದು. ಬಿಲ್ಲನ್ನು ನಾನು ಕೇಳಿದ ಮೇಲೆ ಕೈಯಲ್ಲಿ ಬರೆದುಕೊಟ್ಟರು. ಅದರಲ್ಲಿ ‘ಕೈಮಗ್ಗ, ಕೊಂಡಿ ಸೆರಗು, ರೇಷ್ಮೆ’ ಎಂದು ಮೂರೂ ಮಾತುಗಳಿವೆ.

ಹಿಂದಿನ ವಾರ ಅದೇ ಮನೆಗೆ ಫೋನ್ ಮಾಡಿ ಅವ್ವನಿಗೆಂದು ಒಂದು ಒಂಬತ್ತು ಗಜದ ಚಂದ್ರಕಾಳಿಯನ್ನು (ಕಪ್ಪು ಒಡಲಿನ ಸೀರೆ) ಹೇಳಿದ್ದೇನೆ. ಕಪ್ಪು ನೂಲು ಬಂದಿದೆ, ಸೆರಗಿನ ರೇಷ್ಮೆ ಇನ್ನೂ ಬಣ್ಣಕ್ಕೆ ಹೋಗಬೇಕು, ಅಷ್ಟು ಗಜದ ಸೀರೆಗೆ ಹಾಸು ಹಾಕಿ ಬಹಳ ದಿನವಾಯಿತು ಎಂದು ಯಜಮಾನರು ಹೇಳಿದರು. ಸಂಕ್ರಾಂತಿಗೆ ಆಗದಿದ್ದರೆ ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಕೊಡುತ್ತಾರಂತೆ. ಕೊಂಡಿ ಹಾಕುವ ದಿನ ತಿಳಿಸಿದರೆ ಅವ್ವನನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದೇನೆ.